ಕಂಸ ಹಾಕದ ಬೀಗರೂಟ

ಮದ್ದೂರು ಬಸ್‌ಸ್ಟ್ಯಾಂಡಿನಲ್ಲಿ ಈಗಲೂ ನನ್ನನ್ನು ಬೆರಳು ಮಾಡಿ ತೋರಿಸುವವರಿದ್ದಾರೆ. ಹದಿನೆಂಟು ಸಾವಿರ ಜನರನ್ನು ಒಂದೇ ಬೀಗರೂಟಕ್ಕೆ ಕರೆದ ಮಹಾನುಭಾವ ಇವನೇ ಎನ್ನುತ್ತಾರೆ. ಇದು ಶುದ್ಧ ಸುಳ್ಳು. ನಾನು ಕರೆದದ್ದು ನಾನೂರು ಚಿಲ್ಲರೆ ಜನರನ್ನು ಮಾತ್ರ. ಉಳಿದವರನ್ನು ಕರೆದದ್ದು ಕಂಪ್ಯೂಟರು. ಈ ವ್ಯತ್ಯಾಸ ತಿಳಿಯದವರು ಇಷ್ಟು ದಿನ ಮಾತಾಡಿದರು, ತಿಳಿದ ನಾನು ಸುಮ್ಮನಿದ್ದೆ. ಇನ್ನು ಸುಮ್ಮನಿರಲಾರೆ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಹೆಸರು ಶಿವರಾಮು. ಮದ್ದೂರಿನ ಒಂದು ಸಹಕಾರ ಸಂಘದಲ್ಲಿ ಇಪ್ಪತ್ತಾರು ವರ್ಷಗಳಿಂದ ಗುಮಾಸ್ತ. ಕಂಪ್ಯೂಟರ್ ವಿಷಯದಲ್ಲಿ ನಿನಗೇನು ಗೊತ್ತು ಎಂದು ಕೇಳುವವರಿಗೆ ಮನೆಯ ಗೋಡೆಯ ಮೇಲಿರುವ ಪ್ರಮಾಣಪತ್ರವನ್ನು ತೋರಿಸುತ್ತೇನೆ. ಮಂಡ್ಯದಲ್ಲಿ ನಮ್ಮಂಥ ನೌಕರರಿಗೆಂದು ಮೂರು ದಿನದ ಡೇಟಾಬೇಸ್ ತರಬೇತಿ ನಡೆಯಿತು. ಮೊದಲ ದಿನ ಉದ್ಘಾಟನೆ, ಮೂರನೆಯ ದಿನ ಸಮಾರೋಪ, ನಡುವಿನ ದಿನ ಪಾಠ. ಮೇಷ್ಟ್ರು ಬೋರ್ಡಿನ ಮೇಲೆ ಎಸ್‌ಕ್ಯುಎಲ್ ಎಂದು ಬರೆದು, ಕಂಪ್ಯೂಟರಿನಲ್ಲಿ ಕೂಡಿಟ್ಟ ಮಾಹಿತಿಯನ್ನು ಪ್ರಶ್ನೆ ಕೇಳುವ ಭಾಷೆ ಇದು ಎಂದರು. ಅದರಲ್ಲಿ ಎರಡು ಪದ ಮುಖ್ಯವಂತೆ. ಆ್ಯಂಡ್ ಎಂದರೆ ‘ಮತ್ತು’, ಆರ್ ಎಂದರೆ ‘ಅಥವಾ’. ಎರಡನ್ನೂ ಒಟ್ಟಿಗೆ ಬಳಸುವಾಗ ಒಂದು ಎಚ್ಚರಿಕೆ ಇದೆ ಎನ್ನುವಷ್ಟರಲ್ಲಿ ಕರೆಂಟು ಹೋಯಿತು. ಬಂದ ಮೇಲೆ ಹೇಳುತ್ತೇನೆ ಎಂದರು. ಬರಲಿಲ್ಲ. ಹೀಗೆ ಒಂದು ಎಚ್ಚರಿಕೆಯನ್ನು ಬಿಟ್ಟರೆ ಎಸ್‌ಕ್ಯುಎಲ್ಲನ್ನು ನಾನು ಸಂಪೂರ್ಣವಾಗಿ ಬಲ್ಲೆ.

ಇನ್ನು ಬೀಗರೂಟದ ವಿಷಯ. ನನ್ನ ಅಕ್ಕನ ಮಗ ಸ್ವಾಮಿಗೆ ಮಳವಳ್ಳಿ ಕಡೆಯ ಹುಡುಗಿ ಅರ್ಪಿತಳನ್ನು ತಂದುಕೊಂಡರು. ಮದುವೆ ಹೆಣ್ಣಿನ ಕಡೆ ಮಳವಳ್ಳಿಯಲ್ಲೇ ಮುಗಿಯಿತು. ಮುಂದಿನ ಭಾನುವಾರ ಗಂಡಿನ ಕಡೆಯವರು ಮಂಡ್ಯದಲ್ಲಿ ಬೀಗರೂಟ ಹಾಕಬೇಕು. ಮದುವೆಯಲ್ಲಿ ತಾಳಿ ಎಷ್ಟು ಹೊತ್ತಿಗೆ ಕಟ್ಟಿದರೆಂದು ನಮ್ಮ ಕಡೆ ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಬೀಗರೂಟದಲ್ಲಿ ಯಾರ ಎಲೆಗೆ ಯಾವ ತುಂಡು ಬಿತ್ತು ಎಂಬುದನ್ನು ಮಾತ್ರ ಮೂರು ತಲೆಮಾರು ಮರೆಯುವುದಿಲ್ಲ. ಅದರಲ್ಲೂ ಅರ್ಪಿತಳ ದೊಡ್ಡಪ್ಪ ಚೌಡಯ್ಯನವರು. ಹಿಂದೆ ತಮ್ಮ ತಂಗಿಯ ಬೀಗರೂಟದಲ್ಲಿ ಲಿವರ್ ತುಂಡು ತಮ್ಮ ಎಲೆಗೆ ಬೀಳದೆ ಪಕ್ಕದ ಎಲೆಗೆ ಬಿತ್ತೆಂದು ಎದ್ದು ಹೋದವರು, ಹನ್ನೊಂದು ವರ್ಷ ಆ ಮನೆಯ ಹೊಸ್ತಿಲು ತುಳಿಯಲಿಲ್ಲ. ಹನ್ನೊಂದು ವರ್ಷ ಆ ತಂಗಿಗೆ ತವರಿನಿಂದ ಗೌರಿ ಬಾಗಿನ ಬರಲಿಲ್ಲ.

ಅರ್ಪಿತ ಇದನ್ನು ಬಂದ ಮೂರನೆಯ ದಿನವೇ ನಮ್ಮ ಅಕ್ಕನಿಗೆ ಹೇಳಿದಳು.

“ನಮ್ ದೊಡ್ಡಪ್ಪ ಒಳ್ಳೇವ್ರೇ ಕಣತ್ತೆ. ಆದ್ರೆ ಎಲೆ ಮುಂದೆ ಕುಂತ್ರೆ ಬ್ಯಾರೆ ಮನ್ಸ. ಅವತ್ತು ಒಂಚೂರ್ ಎಚ್ಚುಕಮ್ಮಿ ಆದ್ರೆ ನಾನು ತವ್ರು ಮರ್ತಂಗೇಯ.”

ಹೇಳಿ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಪಕ್ಕದಲ್ಲೇ ಕೂತು ಕಾಫಿ ಕುಡಿಯುತ್ತಿದ್ದ ನಾನು ಲೋಟ ಕೆಳಗಿಟ್ಟೆ. ಈ ಬೀಗರೂಟದಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪಾಗಬಾರದು ಎಂದು ನಾನು ಅಲ್ಲೇ ತೀರ್ಮಾನಿಸಿದೆ. ತಪ್ಪಾಗಬಾರದೆಂದರೆ ಕೆಲಸವನ್ನು ನಾನೇ ವಹಿಸಿಕೊಳ್ಳಬೇಕು.

ನಮ್ಮ ಭಾವ, ಅಂದರೆ ಸ್ವಾಮಿಯ ತಂದೆ ಚಲುವರಾಜು, ಗುತ್ತಲಿನವರು. ಮಾತು ಕಡಿಮೆ, ದನಿ ಜಾಸ್ತಿ. ಗುರುವಾರ ಬೆಳಿಗ್ಗೆ ನನ್ನನ್ನು ಕರೆದು ಹೇಳಿದರು.

“ನೋಡ್ಲಾ ಸಿವ್ರಾಮು, ನಮ್ ಪಟ್ಟೀಲಿರೋ ನಾನೂರ್ ಅನ್ನೆರ್ಡ್ ಮನೇಗೂ ಕಾರ್ಡ್ ಕೊಟ್ಟಿದ್ದಾಗದೆ. ಆದ್ರೆ ಈಗಿನ್ ಜನ ಫೋನಿಗ್ ಬಂದ್ರೇನೆ ನಂಬೋದು. ಆ ನಯನನ್ ಅಂಗ್ಡೀಲಿ ಮೆಸೇಜ್ ಆಕ್ಸು. ನಮ್ ಪಟ್ಟೀಲಿ ಬೀಗ್ರು ಅಂತ ಇರೋರ್ಗೆಲ್ಲ ಓಗ್ಬೇಕು, ಅವ್ರು ಬಾಡ್ ತಿನ್ಲಿ ಬುಡ್ಲಿ. ಮಿಕ್ಕೋರಲ್ಲಿ ಬಾಡ್ ತಿನ್ನೋರ್ಗೆ ಮಾತ್ರ ಆಕ್ಸು. ತಿನ್ನದೇ ಇರೋರ್ನ ಕರ್ದು ಸುಮ್ಕೆ ಮಜ್ಗೆ ಕುಡ್ಸಿ ಕಳ್ಸೋದ್ಯಾಕೆ?”

ನಾನು ಕಣ್ಣು ಮುಚ್ಚಿ ಒಂದು ಕ್ಷಣ ಯೋಚಿಸಿದೆ.

“ಬೀಗ್ರು ಅಥವಾ ಬಾಡು. ಅಂಗಾದ್ರೆ ಅಲ್ಲಿ ಆರ್ ಆಕ್ಬೇಕಾಯ್ತದೆ ಬಾವ.”

“ಆರ್ ಸಾಲ್ದು ಕಣ್ಲಾ, ಅದ್ನಾರ್ ಆಕ್ಸು. ಬನ್ನೂರ್ ಮರೀನೇ ಆಗ್ಲಿ.”

ಅವರು ಕುರಿಮರಿಯ ಲೆಕ್ಕ ಹೇಳುತ್ತಿದ್ದರು. ವಿದ್ಯಾವಂತನಾದವನಿಗೆ ಮನೆಯಲ್ಲಿ ಇಂಥ ಕಷ್ಟ ದಿನವೂ ಇರುತ್ತದೆ.

ನಯನ ಮದ್ದೂರು ಪೇಟೆಬೀದಿಯಲ್ಲಿ ಲಗ್ನಪತ್ರಿಕೆ ಅಂಗಡಿ ಇಟ್ಟಿರುವ ಹುಡುಗಿ. ಕಾರ್ಡು ಅಚ್ಚು ಹಾಕಿಸಲು ಬಂದವರೆಲ್ಲರ ನೆಂಟರ ಪಟ್ಟಿಯನ್ನೂ ಕಂಪ್ಯೂಟರಿಗೆ ಹತ್ತಿಸಿಕೊಂಡಿದ್ದಾಳೆ. ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ತಾಲ್ಲೂಕಿನವರ ಹೆಸರು, ಊರು, ಫೋನು, ಯಾರ ಪಟ್ಟಿಯವರು, ಏನು ಸಂಬಂಧ, ಬಾಡು ತಿನ್ನುವವರೋ ಸಸ್ಯಾಹಾರಿಗಳೋ, ಎಲ್ಲ ಅದರಲ್ಲಿದೆ. ಮೆಸೇಜ್ ಕಳಿಸುವ ಪ್ರೋಗ್ರಾಮನ್ನೂ ಅವಳೇ ಬರೆದಿದ್ದಾಳೆ. ಅದರಲ್ಲಿ ಮೇಲೆ ನಾಲ್ಕು ಬಾಕ್ಸು. ಬೇಕಾದ್ದನ್ನು ಆರಿಸಿದರೆ ಸಾಕು, ಎಸ್‌ಕ್ಯುಎಲ್ ಪ್ರಶ್ನೆಯನ್ನು ಪ್ರೋಗ್ರಾಮೇ ಬರೆದುಕೊಳ್ಳುತ್ತದೆ, ನಡುನಡುವೆ ತಾನೇ ಆ್ಯಂಡ್ ಹಾಕಿಕೊಳ್ಳುತ್ತದೆ. ಆರ್ ಹಾಕಲು ಮಾತ್ರ ಅದಕ್ಕೆ ಬಾರದು. ಅಂಥ ಹೊತ್ತಿಗೆಂದು ಕೆಳಗೆ ಐದನೆಯದೊಂದು ಖಾಲಿ ಬಾಕ್ಸು, ಅದರ ತಲೆಯ ಮೇಲೆ ‘ಕಚ್ಚಾ’ ಎಂದು ಬರೆದಿದೆ. ಅಲ್ಲಿ ನಾವು ಕೈಯಾರೆ ಏನು ಬರೆದರೂ ಪ್ರೋಗ್ರಾಮು ಅದನ್ನು ಇದ್ದ ಹಾಗೇ ತನ್ನ ಪ್ರಶ್ನೆಯ ಬಾಲಕ್ಕೆ ಅಂಟಿಸಿಕೊಳ್ಳುತ್ತದೆ. ಸರಿಯೋ ತಪ್ಪೋ ಕೇಳುವುದಿಲ್ಲ. ನಮ್ಮ ಸಂಘದ ಕಾರ್ಯದರ್ಶಿಗಳು ನಾನಿಟ್ಟ ಕಾಗದಕ್ಕೆ ರುಜು ಹಾಕುವುದೂ ಹೀಗೆಯೇ.

ನಾನು ಹೋದಾಗ ನಯನ ಕಾಗದ ತರಲು ಮಂಡ್ಯಕ್ಕೆ ಹೋಗಿದ್ದಳು. ಅಂಗಡಿಯಲ್ಲಿ ಅವಳ ತಾಯಿ ಕೂತು ಹೂ ಕಟ್ಟುತ್ತಿದ್ದರು. ನಾನು ಕಂಪ್ಯೂಟರಿನ ಮುಂದೆ ಕೂತು ನಯನಳಿಗೆ ಫೋನು ಮಾಡಿದೆ. ಅವಳು ಬಸ್ಸಿನಲ್ಲಿದ್ದಳು.

“ಬೇಡ ಸಾರ್, ನಾನ್ ನಾಕ್ ಗಂಟೆಗ್ ಬತ್ತೀನಿ. ನಾನೇ ಮಾಡ್ಕೊಡ್ತೀನಿ.”

“ಎಸ್‌ಕ್ಯುಎಲ್ಲು ನಂಗೂ ಬತ್ತದೆ ಕಣಮ್ಮ. ಸರ್ಟಿಫಿಕೇಟ್ ಅದೆ.”

ಸರ್ಟಿಫಿಕೇಟು ಎಂದ ಕೂಡಲೇ ಅವಳ ದನಿ ಮೆತ್ತಗಾಯಿತು.

“ಸರಿ ಸಾರ್. ಮೇಲ್ಗಡೆ ಪಟ್ಟಿ ಅನ್ನೋ ಬಾಕ್ಸಲ್ಲಿ ಚಲುವರಾಜು ಅಂತ ಆರ್ಸಿ. ಕಚ್ಚಾ ಬಾಕ್ಸಲ್ಲಿ ಸಂಬಂಧ ಬೀಗರು, ಆರ್, ಊಟ ಬಾಡು ಅಂತ ಬರೀರಿ. ಆದ್ರೆ ಆರ್ ಇದ್ದಾಗ ಕಂಸ ಹಾಕೋದ್ ಮಾತ್ರ ಮರೀಬೇಡಿ.”

“ಏನ್ ಆಕ್ಬೇಕು?”

“ಕಂಸ ಸಾರ್, ಕಂಸ! ಮೊದ್ಲೊಂದು, ಕೊನೇಗೊಂದು, ಎರ್ಡೂ ಕಡೆ ಹಾಕ್ಬೇಕು. ಕಂಸ ಇಲ್ದಿದ್ರೆ ಮೂರ್ ತಾಲ್ಲೂಕ್ಗೂ ಹೋಗ್ಬುಡ್ತದೆ!”

ಅಷ್ಟರಲ್ಲಿ ಲೈನು ಕಟ್ಟಾಯಿತು. ಪರವಾಗಿಲ್ಲ, ನನಗೆ ವಿಷಯ ತಿಳಿದಿತ್ತು.

ಕಂಸ ಯಾರು? ಕೃಷ್ಣನ ಸೋದರಮಾವ. ಈ ಮದುವೆಯಲ್ಲಿ ವರನ ಸೋದರಮಾವ ಯಾರು? ನಾನು. ಸೋದರಮಾವನ ಹೆಸರಿಲ್ಲದೆ ಕರೆಯೋಲೆ ಹೋದರೆ ಆ ಸುದ್ದಿ ಮೂರು ತಾಲ್ಲೂಕಿಗೂ ಹೋಗಿಬಿಡುತ್ತದೆ, ಮನೆತನದ ಮರ್ಯಾದೆ ಉಳಿಯುವ ಮಾತಲ್ಲ ಎಂದು ಹುಡುಗಿ ಸೂಚ್ಯವಾಗಿ ಎಚ್ಚರಿಸಿದ್ದಳು. ನನ್ನನ್ನು ಕಂಸ ಎಂದದ್ದು ಸ್ವಲ್ಪ ಸಲುಗೆಯಾಯಿತು. ಆದರೂ ವಯಸ್ಸಿನಲ್ಲಿ ಚಿಕ್ಕವಳು, ಕ್ಷಮಿಸಿದೆ.

ಕಚ್ಚಾ ಬಾಕ್ಸಿನಲ್ಲಿ ಹೇಳಿದಂತೆಯೇ ಬರೆದೆ. ಆಮೇಲೆ ಮೆಸೇಜಿನ ಮೊದಲಲ್ಲಿ ‘ವರನ ಸೋದರಮಾವ ಶಿವರಾಮು ಅವರ ಪ್ರೀತಿಯ ಕರೆ’ ಎಂದು ಹಾಕಿದೆ. ಕೊನೆಯಲ್ಲಿ ‘ತಮ್ಮ ಆಗಮನಾಭಿಲಾಷಿ, ವರನ ಸೋದರಮಾವ ಶಿವರಾಮು’ ಎಂದು ಹಾಕಿ ನನ್ನ ಫೋನ್ ನಂಬರನ್ನೂ ಕೊಟ್ಟೆ. ಎರಡೂ ಕಡೆ ಕಂಸ ಆಯಿತು. ನಡುವೆ ಬೀಗರ ಔತಣಕೂಟ, ಭಾನುವಾರ, ಛತ್ರದ ವಿಳಾಸ, ಸಕುಟುಂಬ ಸಪರಿವಾರ ಎಂಬುದನ್ನೆಲ್ಲ ತುಂಬಿಸಿದಾಗ ಜಾಗ ಮುಗಿದು, ಭಾವನ ಹೆಸರನ್ನೂ ಗಂಡು ಹೆಣ್ಣಿನ ಹೆಸರನ್ನೂ ಬಿಡಬೇಕಾಯಿತು. ಮುಖ್ಯವಾದದ್ದೆಲ್ಲ ಇತ್ತು.

ಬಟನ್ ಒತ್ತಿದೆ. ಹದಿನೆಂಟು ಸಾವಿರದ ಆರುನೂರ ನಲವತ್ತು ಎಂದು ಪರದೆಯ ಮೇಲೆ ಬಂತು. ಬೇರೆ ಯಾರಾದರೂ ಆಗಿದ್ದರೆ ಗಾಬರಿಯಾಗುತ್ತಿದ್ದರು. ನಾನು ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆ. ಮೆಸೇಜಿನಲ್ಲಿ ನಲವತ್ತೈದು ಪದ. ಪಟ್ಟಿಯಲ್ಲಿ ನಾನೂರ ಹನ್ನೆರಡು ಮನೆ. ಗುಣಿಸಿದರೆ ಹದಿನೆಂಟು ಸಾವಿರದ ಐನೂರ ನಲವತ್ತು. ಕಂಪ್ಯೂಟರು ಪದಗಳನ್ನು ಎಣಿಸುತ್ತಿದೆ! ಹೆಚ್ಚಿಗೆ ಬಂದ ನೂರು, ಅಲ್ಪವಿರಾಮ ಪೂರ್ಣವಿರಾಮಗಳದ್ದು. ಲೆಕ್ಕ ಇಷ್ಟು ಚೆನ್ನಾಗಿ ತಾಳೆಯಾದದ್ದನ್ನು ನಮ್ಮ ಸಂಘದಲ್ಲೂ ನಾನು ಕಂಡಿರಲಿಲ್ಲ. ನಯನಳ ತಾಯಿಗೆ ನಮಸ್ಕಾರ ಹೇಳಿ ಎದ್ದುಬಂದೆ.

ಅಂಗಡಿಯ ಮೆಟ್ಟಿಲು ಇಳಿಯುವುದರೊಳಗೆ ಮೊದಲ ಫೋನು ಬಂತು.

“ಸಿವ್ರಾಮಣ್ಣನಾ? ನಾನ್ ಕಣಣ್ಣೋ, ಶಿವಪುರದಿಂದ. ಮೆಸೇಜ್ ಬಂತು, ಬತ್ತೀವಿ ಬುಡಣ್ಣ. ಅತ್ಗೆ ಚೆಂದಾಗವ್ರಾ?”

ಯಾರೆಂದು ನನಗೆ ಹೊಳೆಯಲಿಲ್ಲ. ನಾನು ಯಾರೆಂದು ಅವನಿಗೂ ಹೊಳೆದಿರಲಿಲ್ಲ ಎಂಬುದು ಈಗ ಗೊತ್ತಾಗುತ್ತದೆ. ಆದರೆ ಕರೆದವರನ್ನು ನೀವು ಯಾರೆಂದು ಕೇಳುವ ಅಸಭ್ಯತೆ ನಮ್ಮ ಸೀಮೆಯಲ್ಲಿಲ್ಲ. ಎಲ್ಲೋ ಮರೆತಿರಬೇಕು, ತಿಳಿದರೆ ನೊಂದುಕೊಂಡಾರು ಎಂದು ಎಲ್ಲರೂ ಬತ್ತೀವಿ ಬುಡಿ ಎಂದರು. ನಾನೂ ಎಲ್ಲರಿಗೂ ಬನ್ನಿ ಬನ್ನಿ ಎಂದೆ. ಸಂಜೆಯೊಳಗೆ ನೂರ ನಲವತ್ತು ಫೋನು. ಎಲ್ಲರೂ ನನ್ನ ಹೆಂಡತಿಯ ಮಂಡಿನೋವು ಹೇಗಿದೆ ಎಂದು ವಿಚಾರಿಸಿದರು. ಅವಳಿಗೆ ಮಂಡಿನೋವೇ ಇಲ್ಲ, ಆದರೆ ಐವತ್ತು ದಾಟಿದ ಹೆಂಗಸಿಗೆ ಇರಲೇಬೇಕೆಂದು ಜನ ಅಂದಾಜು ಮಾಡುತ್ತಾರೆ.

ಶುಕ್ರವಾರ ಬಿಳಿ ಬಟ್ಟೆ ತೊಟ್ಟ ಇಬ್ಬರು ಹಾರ ಹಿಡಿದುಕೊಂಡು ನಮ್ಮ ಆಫೀಸಿಗೇ ಬಂದರು.

“ಯಾವ್ ಪಾರ್ಟಿಯಿಂದಣ್ಣ?”

“ಯಾವ್ದುಕ್ಕೆ?” ಎಂದೆ.

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ನೋಡ್ದಾ ಎಂಗ್ ಗುಟ್ ಬುಟ್ಕೊಡಲ್ಲ! ಒಂದೇ ಮೆಸೇಜಲ್ಲಿ ಎರ್ಡ್ ಸಲ ಎಸ್ರು ಆಕ್ಸವ್ರೆ, ಮೂರ್ ತಾಲ್ಲೂಕ್ಗೆ ಬಾಡೂಟ ಆಕ್ತಾವ್ರೆ, ಕೇಳುದ್ರೆ ಯಾವ್ದುಕ್ಕೆ ಅಂತಾರೆ. ಇಂಥೋರೇ ಕಣ್ಲಾ ಗೆಲ್ಲೋದು.”

ಹಾರ ಹಾಕಿ ಹೋದರು. ನಮ್ಮ ಕಾರ್ಯದರ್ಶಿಗಳು ಅಂದಿನಿಂದ ನಾನು ಬಂದರೆ ಎದ್ದು ನಿಲ್ಲತೊಡಗಿದರು. ಮಧ್ಯಾಹ್ನ ಒಬ್ಬ ಹೆಡ್ ಕಾನ್‌ಸ್ಟೇಬಲ್ ಬಂದು ಪರ್ಮಿಷನ್ ಎಲ್ಲಿ ಎಂದರು.

“ಬೀಗ್ರೂಟುಕ್ಕೆ ಪರ್ಮಿಸನ್ನಾ ಸಾರ್? ನಾನೂರ್ ಮನೆ ಜನ ಅಷ್ಟೇಯ.”

“ನಮ್ ಸ್ಟೇಷನ್ನಲ್ಲೇ ಇಪ್ಪತ್ತೆರ್ಡ್ ಜನಕ್ ಬಂದದೆ ಕಣ್ರೀ!”

“ಅಂಗಾದ್ರೆ ನೀವೆಲ್ಲ ನಮ್ಮೋರೇ ಅಂದಂಗಾಯ್ತು. ಸಂಸಾರ ಕರ್ಕಂಡ್ ಬನ್ನಿ ಸಾರ್” ಎಂದೆ. ಅವರು ನೋಟ್‌ಬುಕ್ ಮಡಚಿ ಜೇಬಿಗಿಟ್ಟುಕೊಂಡು, ಊಟ ಎಷ್ಟೊತ್ತಿಗೆ ಎಂದು ಕೇಳಿ ಹೋದರು.

ಶನಿವಾರ ಬೆಳಿಗ್ಗೆ ಭಾವ ಗುತ್ತಲಿನ ಕಟಿಂಗ್ ಶಾಪಿನಲ್ಲಿ ಕೂತಿದ್ದಾಗ, ಗುರುತೇ ಇಲ್ಲದ ಎಂಟು ಜನ ನಾಳೆಯ ಬೀಗರೂಟದ ಬಗ್ಗೆ ಮಾತಾಡುತ್ತಿದ್ದರಂತೆ. ಯಾರ ಮನೆಯದು ಎಂದು ಭಾವ ಕೇಳಿದರೆ, ಅದ್ಯಾರೋ ಸೋದರಮಾವ ಸಿವ್ರಾಮು ಅಂತ, ಭಾರೀ ಕುಳವಂತೆ ಎಂದರಂತೆ. ಭಾವ ಅರ್ಧ ಬೋಳಿಸಿದ ಗಡ್ಡದಲ್ಲೇ ಎದ್ದು ಬಂದು ನನ್ನನ್ನು ಬೈಕಿನ ಹಿಂದೆ ಕೂರಿಸಿಕೊಂಡು ನಯನಳ ಅಂಗಡಿಗೆ ಹೋದರು. ಅವಳು ಪರದೆ ನೋಡಿ ತಲೆಯ ಮೇಲೆ ಕೈ ಹೊತ್ತಳು.

“ಸಾರ್, ಕಂಸ ಹಾಕಿ ಅಂತ ಬಡ್ಕೊಂಡ್ನಲ್ಲ ಸಾರ್!”

“ಆಕಿವ್ನಿ ಕಣಮ್ಮ. ಮೊದ್ಲೊಂದು, ಕೊನೇಗೊಂದು. ಓದ್ ನೋಡು.”

ಅವಳು ಓದಿದಳು. ಆಮೇಲೆ ಒಂದು ಹಾಳೆಯ ಮೇಲೆ ಸ್ಕೆಚ್ ಪೆನ್ನಿನಲ್ಲಿ ಎದುರುಬದುರಾಗಿ ಎರಡು ಬಾಗಿದ ಗೆರೆ ಎಳೆದಳು. ಇಸ್ಕೂಲಿನಲ್ಲಿ ‘ಕಂಸದಲ್ಲಿರುವ ಪದಗಳಿಂದ ಬಿಟ್ಟ ಸ್ಥಳ ತುಂಬಿರಿ’ ಎಂದು ಕೊಡುತ್ತಿದ್ದರಲ್ಲ, ಅದೇ.

“ಇದು ಸಾರ್ ಕಂಸ. ಈಗ ಪ್ರೋಗ್ರಾಮು ಏನ್ ಓದ್ಕೊಂಡಿದೆ ಗೊತ್ತಾ? ಚಲುವರಾಜಣ್ಣನ್ ಪಟ್ಟೀಲಿರೋ ಬೀಗ್ರು ಒಂದ್ ಗುಂಪು. ಅಥವಾ, ಯಾರ್ ಪಟ್ಟೀಲಾದ್ರೂ ಇರ್ಲಿ, ಬಾಡ್ ತಿನ್ನೋ ಯಾರಾದ್ರೂ ಸರಿ, ಅವ್ರೊಂದ್ ಗುಂಪು. ಈ ಎರ್ಡ್ ಗೆರೆ ಇದ್ದಿದ್ರೆ ಆರ್ ಅನ್ನೋದು ಇವ್ರ್ ಮನೆ ಪಟ್ಟಿಯೊಳ್ಗೇ ಇರ್ತಿತ್ತು. ಇಲ್ಲ ಅಂತ ಈಚೆಗ್ ಬಂತು. ಮಂಡ್ಯ ಜಿಲ್ಲೇಲಿ ಬಾಡ್ ತಿನ್ದೇ ಇರೋರು ಎಷ್ಟ್ ಜನ ಸಾರ್?”

ಮೇಷ್ಟ್ರು ಹೇಳದೆ ಬಿಟ್ಟ ಎಚ್ಚರಿಕೆ ಇದೇ ಇರಬೇಕೆಂದು ನನಗೆ ಆಗ ಹೊಳೆಯಿತು. ಇದಕ್ಕೆ ಕನ್ನಡದಲ್ಲಿ ಆವರಣ ಎಂಬ ಒಳ್ಳೆಯ ಪದವಿದೆ. ಅವಳು ಅದನ್ನು ಹೇಳಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ. ಛತ್ರದ ಆವರಣ ಎಂದು ಸೇರಿಸಿ ಸುಮ್ಮನಾಗುತ್ತಿದ್ದೆ.

ಬರಬೇಡಿ ಎಂದು ಇನ್ನೊಂದು ಮೆಸೇಜ್ ಹಾಕುವ ಮುಂಚೆ ಮನೆಯವರನ್ನು ಒಂದು ಮಾತು ಕೇಳೋಣ ಎಂದು ಮೂವರೂ ಗುತ್ತಲಿಗೆ ಬಂದೆವು. ಆದರೆ ಭಾವನ ತಾಯಿ ಸಣ್ಣತಾಯಮ್ಮ ಜಗುಲಿಯ ಮೇಲೆ ಕಾಲು ನೀಡಿಕೊಂಡು ಕೂತಿದ್ದರು. ಎಂಬತ್ತು ವರ್ಷದ ಅಜ್ಜಿ. ಎಲ್ಲ ಕೇಳಿಸಿಕೊಂಡರು.

“ಕರ್ದ್ಬುಟ್ಟು ಬರ್ಬ್ಯಾಡಿ ಅನ್ನೋದಾ? ಈ ಮನೇಲಿ ಆ ಪದ್ದತಿ ಇಲ್ಲ ಕಣ್ಲಾ ಚಲುವ. ಬಂದೋರ್ಗೆ ಮುದ್ದೆ ಜಾಸ್ತಿ ತಿರುವ್ಸು. ಆದ್ರೆ ಬೀಗ್ರ ಎಲೇಲಿ ಒಂದ್ ತುಂಡ್ ಕಮ್ಮಿ ಆದ್ರೆ ನಾಳೀಕೆ ಆ ಕೂಸು ತವ್ರು ಕಾಣಂಗಿಲ್ಲ, ಅದ್ನ ನೋಡ್ಕಳಿ.”

ಬಾಗಿಲ ಹಿಂದೆ ಅರ್ಪಿತ ನಿಂತಿದ್ದಳು. ನಾನು ಧೈರ್ಯ ತುಂಬಲು, ಹದಿನೆಂಟು ಸಾವಿರ ಎಂಬುದು ಬರೀ ಅಂಕಿಸಂಖ್ಯೆ ಕಣಮ್ಮ, ಯಾರೂ ಬರಲ್ಲ ಎಂದೆ.

ಭಾನುವಾರ ಹನ್ನೊಂದು ಗಂಟೆಗೆ ಮದ್ದೂರು ರಸ್ತೆಯಲ್ಲಿ ಛತ್ರದ ಎರಡೂ ಕಡೆ ಒಂದು ಕಿಲೋಮೀಟರು ಬೈಕು, ಆಟೋ, ಟ್ರ್ಯಾಕ್ಟರು. ಶಾಮಿಯಾನದ ಜಲಾಲ್ ಸಾಬರು ಬೆವರು ಒರೆಸಿಕೊಳ್ಳುತ್ತ ಬಂದರು.

“ಸಾರ್, ಐನೂರ್ ಕುರ್ಚಿ ಯೋಳಿದ್ರಿ. ರೋಡಲ್ಲಿ ನಿಂತಿರೋರೇ ಮೂರ್ ಸಾವ್ರ ಅವ್ರೆ. ನಂಗೂ ಮೆಸೇಜ್ ಬಂದದೆ, ನಮ್ಮ್ ಮನೇರ್ಗೂ ಬಂದದೆ. ನಾನೀಗ ಕುರ್ಚಿ ಆಕ್ಲಾ, ಕುರ್ಚೀಲಿ ಕೂರ್ಲಾ?”

ಭಾವ ಗೇಟಿನಲ್ಲಿ ನಿಂತು, ತಮ್ಮ ಪಟ್ಟಿಯವರನ್ನು ಮಾತ್ರ ಒಳಗೆ ಬಿಡುವುದೆಂದು ಹಟ ಹಿಡಿದರು. ಯಾರ ಕಡೆಯವರು ಎಂದು ಮೊದಲನೆಯವನನ್ನು ಕೇಳಿದರು.

“ನಿಮ್ಮವ್ವನ್ ತವ್ರು ವೈದ್ಯನಾಥಪುರ ಅಲ್ವ್ರಾ? ಅಲ್ಲಿ ಬಾವಿ ಮನೆಯೋರು ಅಂತ ಅವ್ರೆ. ಅವ್ರ್ ಸೊಸೆ ನಮ್ಮತ್ತೇಗ್ ನಾದ್ನಿ. ಅಂಗಾದ್ಮ್ಯಾಲೆ ನೀವ್ ನಂಗೇನಾಗ್ಬೇಕು?”

ಭಾವ ಬೆರಳು ಮಡಚಿ ಎಣಿಸಿದರು. ಮುಖ ಸಡಿಲವಾಯಿತು.

“ಬಾವ ಆಗ್ಬೇಕು. ಬನ್ನಿ ಬಾವ, ಒಳೀಕ್ ಬನ್ನಿ.”

ಎರಡನೆಯವನು ಷಡ್ಡಕನಾದ. ಮೂರನೆಯವನು ಚಿಕ್ಕಪ್ಪನಾದ, ವಯಸ್ಸು ಮೂವತ್ತು. ಸಂಸಾರ ಸಮೇತ ಬಂದ ಹೆಡ್ ಕಾನ್‌ಸ್ಟೇಬಲ್ ನಮ್ಮ ಅಕ್ಕನಿಗೆ ವರಸೆಯಲ್ಲಿ ಅಳಿಯನಾದರು. ಒಂದು ಗಂಟೆಯಲ್ಲಿ ಒಬ್ಬರನ್ನೂ ವಾಪಸು ಕಳಿಸಲಾಗಲಿಲ್ಲ. ಕೈಲಾದ ಸಹಾಯ ಮಾಡಲೆಂದು ಬಂದಿದ್ದ ನಯನ, “ಚಲುವರಾಜಣ್ಣ, ನಿಮ್ ಪ್ರಶ್ನೆಗೂ ಕಂಸ ಇಲ್ಲ” ಎಂದಳು.

ಅಜ್ಜಿ ಕೇಳಿಸಿಕೊಂಡರು. “ಅದೇನ್ ಕಂಸ ಕಂಸ ಅಂತೀಯೆ, ಅದ್ನ ಬೀಗ್ರ್ ಪಂತೀಗ್ ಆಕ್ಸು ಮತ್ತೆ” ಎಂದರು. ನಯನ ಜಲಾಲ್ ಸಾಬರಿಗೆ ಹೇಳಿ, ಛತ್ರದ ಒಂದು ಮೂಲೆಯಲ್ಲಿ ಅರವತ್ತು ಎಲೆ ಹಿಡಿಸುವಷ್ಟು ಜಾಗಕ್ಕೆ ಆಚೆಯೊಂದು ಈಚೆಯೊಂದು ಬಿದಿರು ಬಗ್ಗಿಸಿ ಬಟ್ಟೆ ಕಟ್ಟಿಸಿದಳು. ಆ ಕಡೆ ಒಂದು ಬಾಗಿದ ಗೆರೆ, ಈ ಕಡೆ ಒಂದು. ಜಾಗವೇನೋ ಭದ್ರವಾಯಿತು. ಬಾಡಿನ ಬಕೆಟ್ಟುಗಳು ಮಾತ್ರ ಆಚೆ ಓಡಾಡುತ್ತಿದ್ದವು.

ಒಂದು ಗಂಟೆಗೆ ಮಳವಳ್ಳಿಯ ಬೀಗರ ಬಸ್ಸು ಬಂತು. ಚೌಡಯ್ಯನವರು ಇಳಿದು ಜನಸಾಗರ ನೋಡಿ ಹುಬ್ಬು ಗಂಟಿಕ್ಕಿದರು.

“ಏನ್ರೀ ಇದು ಜನ?”

“ಬೀಗ್ರು ಬತ್ತಾರೆ ಅಂತ ಮೂರ್ ತಾಲ್ಲೂಕ್ಗೂ ಗೊತ್ತಾಗದೆ. ನಿಮ್ಮುನ್ನ ನೋಡಕ್ಕೇ ನಿಂತವ್ರೆ” ಎಂದೆ. ಅವರ ಹುಬ್ಬು ಇಳಿಯಿತು, ಮೀಸೆ ಎದ್ದಿತು. ಎರಡೂ ಕಡೆಯವರಿಗೆ ಕೈ ಮುಗಿಯುತ್ತ ಬಂದು ಕಂಸದೊಳಗೆ ನಡುವಿನ ಎಲೆಗೆ ಕೂತರು.

ಎಲೆಗೆ ಮುದ್ದೆ ಬಿತ್ತು. ಸಾರು ಬಿತ್ತು. ಆಮೇಲೆ ಬಡಿಸುವವನು ಬಕೆಟ್ಟನ್ನು ಬಗ್ಗಿಸಿ ಸೌಟಿನಿಂದ ತಳ ಕೆರೆದ. ಆ ಸದ್ದು ನನಗೆ ಚೆನ್ನಾಗಿ ಕೇಳಿಸಿತು. ಲಿವರ್ ಇರಲಿ, ಒಂದು ಮೂಳೆಯೂ ಇರಲಿಲ್ಲ. ಹದಿನಾರು ಮರಿಯನ್ನು ವರಸೆಯಲ್ಲಿ ಭಾವ, ಷಡ್ಡಕ, ಚಿಕ್ಕಪ್ಪ ಆದವರು ಮುಗಿಸಿದ್ದರು. ಭಾವನ ಮುಖ ಸುಣ್ಣವಾಯಿತು. ಚೌಡಯ್ಯನವರು ಎಲೆ ನೋಡಿದರು, ಬಕೆಟ್ಟು ನೋಡಿದರು, ಎಡಗೈಯಿಂದ ಎಲೆಯ ತುದಿ ಹಿಡಿದರು. ಮಡಚಿದರೆ ಮುಗಿಯಿತು. ಕಂಬದ ಪಕ್ಕ ಅರ್ಪಿತ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ನಾನು ಅವಳ ಕಡೆ ನೋಡಲಿಲ್ಲ, ನೋಡಲಾಗಲಿಲ್ಲ.

ಆಗ ಹೊರಗಡೆ ಒಂದು ಟೆಂಪೋ ಬಿಡದೆ ಹಾರನ್ ಹೊಡೆಯಿತು. ನಾಲ್ಕು ಕೊಪ್ಪರಿಗೆ ಹೊತ್ತ ಟೆಂಪೋ. ಅದರ ಮುಂದಿನ ಸೀಟಿನಿಂದ ಕಾಸಗಲ ಕುಂಕುಮದ ಒಬ್ಬ ಹೆಂಗಸು ಇಳಿದು ಜನರನ್ನು ಸೀಳಿಕೊಂಡು ಬಂದರು. ವೈದ್ಯನಾಥಪುರದ ಬೆಟ್ಟಮ್ಮ.

“ಯಾವನ್ಲಾ ಅವ್ನು ಸೋದರಮಾವ ಸಿವ್ರಾಮು? ನನ್ ಮೊಮ್ಮಗುಂದೂ ಇವತ್ತೇ ಬೀಗ್ರೂಟ ಕಣ್ಲಾ! ಮದ್ದೂರ್ ಛತ್ರದಲ್ಲಿ ಬಾಡ್ ಬೇಯ್ಸ್ಕಂಡು ಬೆಳಗ್ಗಿಂದ ಕುಂತಿವ್ನಿ, ಒಂದ್ ನರಪಿಳ್ಳೆ ಬರ್ನಿಲ್ಲ. ಫೋನ್ ಮಾಡುದ್ರೆ, ಛತ್ರ ಬದ್ಲಾಗದೆ ಅಂತ ಮೆಸೇಜ್ ಬಂತಲ್ಲಮ್ಮ ಅಂತಾರೆ! ನನ್ ನೆಂಟ್ರು, ನನ್ ಬೀಗ್ರು, ಎಲ್ಲಾ ಇಲ್ಲವ್ರಲ್ಲೋ!”

ಬೆಟ್ಟಮ್ಮನ ಕಾರ್ಡನ್ನೂ ಅಚ್ಚು ಹಾಕಿದ್ದು ನಯನಳೇ. ಅವರ ಪಟ್ಟಿಯೂ ಅದೇ ಕಂಪ್ಯೂಟರಿನಲ್ಲಿತ್ತು. ಮೆಸೇಜಿನಲ್ಲಿ ಗಂಡಿನ ಹೆಸರಿಲ್ಲದ್ದರಿಂದ ಅವರ ಕಡೆಯವರೆಲ್ಲ ಇದೇ ಸರಿಯಾದ ಜಾಗ ಎಂದುಕೊಂಡಿದ್ದರು. ನಾನು ಉತ್ತರ ಕೊಡಲು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಸಣ್ಣತಾಯಮ್ಮ ಅಡ್ಡ ಬಂದರು.

“ಅವ್ವಾ, ಅವುನ್ನ ಆಮೇಲ್ ಬಯ್ಯಿವಂತೆ, ನಾನೂ ಸೇರ್ಕತೀನಿ. ಮೊದ್ಲು ಯೋಳು, ಕೊಪ್ಪರ್ಗೇಲಿ ಲಿವರ್ ಅದಾ?”

“ಇಲ್ದೆ ಏನು? ಮುಟ್ಟೋರೇ ಇಲ್ವಲ್ಲ!”

“ಅಂಗಾದ್ರೆ ಇಳ್ಸು. ನಾನೂ ವೈದ್ಯನಾಥಪುರದ ಎಣ್ಣೇ ಕಣವ್ವ. ನಿನ್ ಬೀಗ್ರೂ ಕುಂತ್ಕಳ್ಳಿ, ನನ್ ಬೀಗ್ರೂ ಕುಂತ್ಕಳ್ಳಿ.”

ಬೆಟ್ಟಮ್ಮ ಅಜ್ಜಿಯ ಮುಖವನ್ನು ದಿಟ್ಟಿಸಿದರು. “ಬಾವಿ ಮನೆ ಸಣ್ಣತಾಯಕ್ಕನಾ?” ಎಂದರು. ಕೋಪ ಅಲ್ಲಿಗೆ ಅರ್ಧ ಇಳಿಯಿತು, ಕೊಪ್ಪರಿಗೆ ಪೂರ್ತಿ ಇಳಿಯಿತು. ಬೆಟ್ಟಮ್ಮ ತಾವೇ ಸೌಟು ಹಿಡಿದು ಕಂಸದೊಳಗೆ ಬಂದು, ಎಲೆ ಹಿಡಿದು ಕೂತಿದ್ದ ಚೌಡಯ್ಯನವರ ಮುಂದೆ ನಿಂತು, “ಕೈ ತಗೀರಿ” ಎಂದು ಗದರಿದರು. ಅವರು ತೆಗೆದರು. ಎಲೆಯ ಮೇಲೆ ಒಂದಲ್ಲ ಎರಡಲ್ಲ, ಐದು ತುಂಡು ಲಿವರ್ ಬಿತ್ತು.

ಚೌಡಯ್ಯನವರು ಎಣಿಸಿದರು. ಎಡಕ್ಕೆ ತಿರುಗಿ ಪಕ್ಕದ ಎಲೆ ನೋಡಿದರು, ಅಲ್ಲಿ ಎರಡೇ ಇತ್ತು. ಗಂಟಲೆತ್ತಿ ಇಡೀ ಪಂಕ್ತಿಗೆ ಕೇಳುವಂತೆ ಹೇಳಿದರು.

“ನೋಡ್ರಪ್ಪ! ಒಂದ್ ಮನೆ ಲಿವರ್ ನಂಗೆ ಸಾಲ್ದು ಅಂತ, ಟೆಂಪೋ ಮಾಡಿ ಇನ್ನೊಂದ್ ಮನೇದೂ ತರ್ಸವ್ರೆ. ಬೀಗ್ರು ಅಂದ್ರೆ ಇವ್ರು ಕಣ್ರಪ್ಪ. ಮಗಾ ಅರ್ಪಿತಾ, ಈ ಸಲ ಗೌರಿ ಬಾಗ್ನ ನಾನೇ ಒತ್ಕಂಡ್ ಬತ್ತೀನಿ ಕಣವ್ವ.”

ಅರ್ಪಿತಳ ಬಾಯಿಂದ ಸೆರಗು ಬಿತ್ತು. ಅವಳು ನಕ್ಕದ್ದನ್ನು ನಾನು ಮೊದಲ ಸಲ ನೋಡಿದ್ದು ಆಗಲೇ. ನನ್ನ ಕಣ್ಣಲ್ಲಿ ನೀರು ಬಂದದ್ದು ನಿಜ. ಒಲೆಯ ಹೊಗೆ ಇತ್ತು ಎಂದು ನಾನು ಹೇಳುವುದಿಲ್ಲ, ಒಲೆ ದೂರ ಇತ್ತು.

ಸಂಜೆ ನಾಲ್ಕೂವರೆಗೆ ಕೊನೆಯ ಎಲೆ ಹಾಕಿದರು. ಅದು ನನ್ನದು. ಎರಡೂ ಮನೆಯ ಎಂಟು ಕೊಪ್ಪರಿಗೆಯ ಬಾಡಿನಲ್ಲಿ ವರನ ಸೋದರಮಾವನಿಗೆ ಸಿಕ್ಕಿದ್ದು ಅರ್ಧ ಮುದ್ದೆ ಮತ್ತು ಬಾಡಿನ ಪರಿಚಯವಿದ್ದ ಸಾರು. ಭಾವ ಎದುರಿಗೆ ನಿಂತು, ನಾನು ಉಂಡು ಮುಗಿಸುವವರೆಗೂ ನೋಡಿದರು.

ನಯನ ಆಮೇಲೆ ಪ್ರೋಗ್ರಾಮನ್ನು ತಿದ್ದಿದಳು. ಕಚ್ಚಾ ಬಾಕ್ಸಿನಲ್ಲಿ ಯಾರು ಏನು ಬರೆದರೂ ಈಗ ಅದರ ಎರಡೂ ಕಡೆ ಪ್ರೋಗ್ರಾಮೇ ಕಂಸ ಹಾಕಿಕೊಳ್ಳುತ್ತದೆ. ಇಷ್ಟು ಜನಕ್ಕೆ ಹೋಗುತ್ತದೆ, ಕಳಿಸಲೇ ಎಂದು ಮೊದಲೇ ದಪ್ಪ ಅಕ್ಷರದಲ್ಲಿ ಕೇಳುತ್ತದೆ. ಈ ಸುಧಾರಣೆಗೆ ಕಾರಣ ಯಾರೆಂದು ಅವಳು ಎಲ್ಲ ಗಿರಾಕಿಗಳಿಗೂ ನನ್ನ ಹೆಸರು ಹಿಡಿದೇ ಹೇಳುತ್ತಾಳೆ.

ಮೊನ್ನೆ ಸ್ವಾಮಿ ಮತ್ತು ಅರ್ಪಿತರ ಮಗಳಿಗೆ ನಾಮಕರಣ. ಗಗನ ಎಂದು ಹೆಸರು. ಕಾರ್ಡು ಅಚ್ಚು ಹಾಕಿಸಲು ಭಾವನ ಜೊತೆ ನಾನೂ ಹೋಗಿದ್ದೆ. ಕಂಪ್ಯೂಟರಿನಿಂದ ಆರು ಅಡಿ ದೂರದಲ್ಲಿ ನನಗೆ ಕುರ್ಚಿ ಹಾಕಿದ್ದರು. ನಯನ ಹೆಸರುಗಳನ್ನೆಲ್ಲ ಟೈಪ್ ಮಾಡುತ್ತ ನನ್ನದು ಬಂದಾಗ ಕೈ ನಿಲ್ಲಿಸಿದಳು.

“ಚಲುವರಾಜಣ್ಣ, ಇವ್ರ್ ಹೆಸ್ರು ಹಾಕ್ಲಾ?”

ಭಾವ ನನ್ನನ್ನು ಒಂದು ಸಲ ಅಡಿಯಿಂದ ಮುಡಿಯವರೆಗೆ ನೋಡಿದರು.

“ಆಕು. ಆಕ್ದೇ ಇರಕ್ಕಾಯ್ತದಾ, ಸ್ವಾಮಿಗ್ ಸೋದರಮಾವ. ಆದ್ರೆ ಎರ್ಡೂ ಕಡೆ ಕಂಸ ಆಕು ಕಣಮ್ಮ. ಇಲ್ದೋದ್ರೆ ಮೂರ್ ತಾಲ್ಲೂಕ್ಗೂ ಓಯ್ತಾನೆ.”

ಕಾರ್ಡಿನಲ್ಲಿ ಒಟ್ಟು ನಲವತ್ತು ಹೆಸರಿವೆ. ಎರಡೂ ಕಡೆ ಅಲಂಕಾರ ಇರುವುದು ನನ್ನ ಹೆಸರಿಗೆ ಮಾತ್ರ. ಆ ಕಾರ್ಡಿಗೂ ಲ್ಯಾಮಿನೇಷನ್ ಮಾಡಿಸಿ ಪ್ರಮಾಣಪತ್ರದ ಪಕ್ಕದಲ್ಲೇ ತೂಗುಹಾಕಿದ್ದೇನೆ.